ಕಲ್ಲುಹೊಂಡದ ಹೆಬ್ಬಾಯಿ

ಒಂದು ಕಾಡಿನಲ್ಲಿ ಗೌಜಿ ಎಂಬ ಗೌಜಲಹಕ್ಕಿ ಇತ್ತು. ಅದಕ್ಕೆ ಹಾರುವುದಕ್ಕಿಂತ ನಡೆಯುವುದೇ ಇಷ್ಟ. ಬೆಳಗಾದರೆ ಸಾಕು, ಗೂಡಿನ ಸುತ್ತಮುತ್ತ ಪುಟುಪುಟು ಹೆಜ್ಜೆ ಹಾಕುತ್ತಾ ಹೊರಡುತ್ತಿತ್ತು. ಯಾರೂ ಹೋಗದ ಪೊದೆ, ಮುಚ್ಚಿಹೋದ ಕಾಲುದಾರಿ, ಬಿದ್ದ ಮರದ ಹಿಂಬದಿ, ಎಲ್ಲವನ್ನೂ ಇಣುಕಿ ನೋಡುತ್ತಿತ್ತು.

ಒಂದು ಜಾಗವನ್ನು ಮಾತ್ರ ಅದು ನೋಡಿರಲಿಲ್ಲ. ಅದೇ ಕಲ್ಲುಹೊಂಡ. ಎಷ್ಟೋ ವರ್ಷಗಳ ಹಿಂದೆ ಮನುಷ್ಯರು ಅಲ್ಲಿ ಕಲ್ಲು ಒಡೆದು, ಸುತ್ತ ಮುಳ್ಳುತಂತಿ ಬಿಗಿದು ಹೋಗಿಬಿಟ್ಟಿದ್ದರು. ಈಗ ಅದರ ಸುತ್ತ ಲಂಟಾನ ಪೊದೆ ದಟ್ಟವಾಗಿ ಬೆಳೆದಿತ್ತು.

"ಅಲ್ಲಿ ಹೆಬ್ಬಾಯಿ ಅನ್ನೋ ಭೂತ ಇದೆ," ಎಂದು ನರಿ ಎಲ್ಲರಿಗೂ ಹೇಳಿತ್ತು. "ಅದರ ಹೊಟ್ಟೆ ತಣ್ಣಗಿದ್ದರೆ ನಾವು ಉಳಿದೆವು. ದಿನಕ್ಕೊಂದು ಮೊಟ್ಟೆ ಕೊಡಿ, ನಾನು ತಲುಪಿಸಿ ಬರ್ತೀನಿ."

ಹೆದರಿದ ಹಕ್ಕಿಗಳು ಸರದಿಯಂತೆ ಮೊಟ್ಟೆ ಕೊಡುತ್ತಿದ್ದವು. ಗೌಜಿಯೂ ಹಿಂದಿನ ಸಲ ಇಟ್ಟ ಮೂರು ಮೊಟ್ಟೆಗಳನ್ನೂ ಒಂದೊಂದಾಗಿ ಕೊಟ್ಟಿತ್ತು. ಒಂದು ಮರಿಯನ್ನೂ ಕಂಡಿರಲಿಲ್ಲ.

ಆ ಬೇಸಿಗೆ ಬಲು ಕೆಟ್ಟದಾಗಿತ್ತು. ಹಳ್ಳ ಬತ್ತಿ ಕೆಸರಾಯಿತು. ಎಲ್ಲರೂ ಸೊರಗಿದರು. ನರಿಯ ಮೈ ಮಾತ್ರ ಮಿರಮಿರ ಮಿಂಚುತ್ತಿತ್ತು. ಮತ್ತೆ ಗೌಜಿಯ ಸರದಿಗೆ ಒಂದೇ ದಿನ ಉಳಿದಿತ್ತು. ಗೂಡಿನಲ್ಲಿ ನಾಲ್ಕು ಮೊಟ್ಟೆಗಳಿದ್ದವು. ಅವನ್ನು ಒಂದೊಂದಾಗಿ ಕೊಕ್ಕಿನಿಂದ ಸವರಿತು.

"ನನ್ನ ಮಕ್ಕಳನ್ನು ತಿನ್ನೋದು ಯಾರು ಅಂತ ಒಂದ್ಸಲ ನೋಡೇಬಿಡ್ತೀನಿ," ಎಂದುಕೊಂಡಿತು.

ಮೊಟ್ಟೆಗಳ ಮೇಲೆ ಒಣಹುಲ್ಲು ಹೊದಿಸಿ, ಮಧ್ಯಾಹ್ನ ನರಿ ಮಲಗಿದ ಹೊತ್ತಿಗೆ ಹೊರಟಿತು. ತಂತಿಯ ಕೆಳಗೆ ನುಸುಳಿತು. ಒಂದು ಹೆಜ್ಜೆ ಇಟ್ಟು ನಿಲ್ಲುವುದು, ಸುತ್ತ ನೋಡುವುದು, ಮತ್ತೊಂದು ಹೆಜ್ಜೆ. ಒಡೆದ ಬಂಡೆಗಳು, ತುಕ್ಕು ಹಿಡಿದ ಗಾಲಿ, ಕಲ್ಲಿನ ಸೀಳಿನಲ್ಲಿ ಬೆಳೆದ ಅತ್ತಿಗಿಡ. ಲಂಟಾನ ದಾಟಿದರೆ, ಕೆಳಗೆ ತಿಳಿನೀರು! ಹೊಂಡದ ತುಂಬ ನೀರು!

"ಯಾರಿದ್ದೀರಿ?" ಎಂದು ಕೂಗಿತು.

"ಇದ್ದೀರಿ... ಇದ್ದೀರಿ..." ಎಂದಿತು ಹೊಂಡ.

ಗೌಜಿ ಬಂಡೆಗೆ ಒತ್ತಿಕೊಂಡಿತು. ಸ್ವಲ್ಪ ಹೊತ್ತಾದ ಮೇಲೆ ಧೈರ್ಯ ಮಾಡಿ, "ನಾನು ಗೌಜಿ," ಎಂದಿತು. "ಗೌಜಿ... ಗೌಜಿ..." ಎಂದು ಉತ್ತರ ಬಂತು. ಅದು ತನ್ನದೇ ದನಿ! ಗೌಜಿಗೆ ನಗು ಬಂತು. ಹೊಂಡವೂ ನಕ್ಕಿತು.

ಆದರೆ ನೀರಿಗಿಳಿಯುವಾಗ ಬಂಡೆಯ ಮರೆಯಲ್ಲಿ ಮೊಟ್ಟೆಯ ಚಿಪ್ಪುಗಳ ರಾಶಿ ಕಂಡಿತು. ಪಕ್ಕದಲ್ಲೇ ನರಿಯ ಹೆಜ್ಜೆ, ನರಿಯ ಕೂದಲು. ರಾಶಿಯಲ್ಲಿ ತನ್ನ ಮೂರು ಮೊಟ್ಟೆಗಳ ಚಿಪ್ಪನ್ನೂ ಗೌಜಿ ಗುರುತಿಸಿತು. ನಗು ನಿಂತುಹೋಯಿತು. ಬಾಯಾರಿದ್ದರೂ ನೀರು ಕುಡಿಯಲಾಗದೆ, ಬಹಳ ಹೊತ್ತು ಆ ಚಿಪ್ಪುಗಳ ಬಳಿ ಕುಳಿತಿತು.

ವಾಪಸು ಬಂದು ಹೇಳಿದರೆ ಯಾರೂ ನಂಬಲಿಲ್ಲ. "ಪಾಪ, ಭೂತ ಅವಳ ಮೈಮೇಲೆ ಬಂದಿದೆ," ಎಂದು ನರಿ ಮರುಕ ತೋರಿಸಿತು.

"ಹಾಗಾದ್ರೆ ನರಿಯಣ್ಣ, ಎಲ್ಲರ ಎದುರಿಗೇ ಭೂತವನ್ನು ಕೇಳು," ಎಂದಿತು ಗೌಜಿ.

ಹೊಂಡದ ಮಾರ್ದನಿ ತನಗೇ ನೆರವಾಗುತ್ತದೆಂದು ನರಿ ಒಪ್ಪಿತು. ಎಲ್ಲರೂ ದೂರದಲ್ಲಿ, ತಂತಿಯ ಬಳಿ ನಡುಗುತ್ತಾ ನಿಂತರು. ನರಿ ಗಂಟಲು ಸರಿಮಾಡಿಕೊಂಡು ಕೂಗಿತು: "ಹೆಬ್ಬಾಯಪ್ಪಾ, ಮೊಟ್ಟೆ ಬೇಕೇ?"

"ಬೇಕೇ... ಬೇಕೇ..."

"ಕೇಳಿದ್ರಾ? ಬೇಕೇ ಬೇಕಂತೆ!"

ಹಕ್ಕಿಗಳು ರೆಕ್ಕೆಯಲ್ಲಿ ಮುಖ ಮುಚ್ಚಿಕೊಂಡವು. ಆಗ ಗೌಜಿ ಮುಂದೆ ಬಂತು. "ನಾನೂ ಒಂದು ಮಾತು ಹೇಳ್ತೀನಿ," ಎಂದು ಕತ್ತೆತ್ತಿ ಕೂಗಿತು: "ನಮ್ಮ ಮೊಟ್ಟೆ ತಿಂದಿದ್ದು ನರಿ!"

"ನರಿ... ನರಿ... ನರಿ..." ಎಂದಿತು ಹೊಂಡ.

ಎಲ್ಲರೂ ನರಿಯ ಕಡೆ ತಿರುಗಿದರು. ಮುದಿ ಮೊಲಜ್ಜಿ ಗಟ್ಟಿಯಾಗಿ "ಕೂ" ಎಂದಳು. ಹೊಂಡವೂ "ಕೂ" ಎಂದಿತು. ಭೂತವಲ್ಲ, ಬರೀ ಮಾರ್ದನಿ! ಇನ್ನೇನು ಉಳಿದಿತ್ತು? ನವಿಲು ಕುಕ್ಕಿತು, ಜಿಂಕೆ ಕೊಂಬಿನಲ್ಲಿ ತಿವಿಯಿತು. ನರಿ ತಂತಿಯಲ್ಲಿ ಸಿಕ್ಕಿ, ಬೆನ್ನಿನ ಚರ್ಮ ಹರಿದುಕೊಂಡು ಓಡಿತು.

ಗೌಜಿ ದಾರಿ ತೋರಿಸಿತು. ಆ ಬೇಸಿಗೆಯಲ್ಲಿ ಮೊದಲ ಸಲ ಎಲ್ಲರೂ ಹೊಟ್ಟೆ ತುಂಬ ನೀರು ಕುಡಿದರು.

ನಾಲ್ಕನೆಯ ದಿನ ನರಿ ಮರಳಿ ಬಂತು. ನಾಲಿಗೆ ಒಣಗಿ ಜೋತುಬಿದ್ದಿತ್ತು. "ಒಂದು ಗುಟುಕು..." ಎಂದು ಬೇಡಿತು. ಎಲ್ಲರೂ ಗೌಜಿಯ ಮುಖ ನೋಡಿದರು.

"ನೀರು ಎಲ್ಲರದು. ಕುಡಿ," ಎಂದಿತು ಗೌಜಿ. "ಆದರೆ ಎಲ್ಲರೂ ಕುಡಿದಾದ ಮೇಲೆ, ಎಲ್ಲರ ಕಣ್ಣೆದುರಿಗೆ. ಗೂಡುಗಳ ಕಡೆ ಕಾಲಿಟ್ಟರೆ ಈ ದಾರಿ ನಿನಗೆ ಮುಚ್ಚಿತು."

ನರಿ ತಲೆ ತಗ್ಗಿಸಿ, ಮರಿ ಮೊಲಗಳ ಹಿಂದೆ ಸಾಲಿನ ಕೊನೆಯಲ್ಲಿ ನಿಂತಿತು.

ನೀತಿ: ಯಾರೋ ಹುಟ್ಟಿಸಿದ ಭಯಕ್ಕೆ ತಲೆಬಾಗುವ ಮೊದಲು, ಎಚ್ಚರದಿಂದ ನಾವೇ ಹೋಗಿ ನಿಜವನ್ನು ನೋಡಬೇಕು.