ಎಡ ಮೊಣಕಾಲ ಪಕ್ಕದ ಹಿಡಿ

“ಗುರುಗಳೇ, ತಾಳ್ಮೆಯ ಬಗ್ಗೆ ಯಾರು ಏನು ಕೇಳಿದರೂ ತಡವರಿಸದೆ ಹೇಳಬಲ್ಲೆ. ಶಾಖಾಮಠದ ಹೊಣೆ ವಹಿಸಿಕೊಳ್ಳಲು ನಾನು ಇನ್ನೇನು ಕಲಿಯಬೇಕು?” ಎಂದು ಮರುಳಯ್ಯ ಕೇಳಿದ.

ಮಧ್ಯಾಹ್ನದ ಊಟ ಆಗಷ್ಟೇ ಮುಗಿದಿತ್ತು. ಅವನ ಹೆಗಲ ವಸ್ತ್ರದ ಮೇಲೆ ಚೆಲ್ಲಿದ ಸಾರಿನ ಕಲೆ ಇನ್ನೂ ಹಸಿಯಾಗಿತ್ತು. ಗುರುಗಳು ಅದನ್ನೊಮ್ಮೆ ನೋಡಿ ಕತೆ ಶುರುಮಾಡಿದರು.

ಒಬ್ಬ ಯುವಕ ವಿಮಾನ ಹಾರಿಸಲು ಕಲಿಯುತ್ತಿದ್ದ. ಕಲಿತದ್ದೆಲ್ಲ ಒಂದೇ ಹಳೆಯ ಪುಟ್ಟ ವಿಮಾನದಲ್ಲಿ. ಅದು ಅವನಿಗೆ ಚೆನ್ನಾಗಿ ಪಳಗಿತ್ತು. ಅಷ್ಟರಲ್ಲಿ ಶಾಲೆಗೆ ಹೊಸ ವಿಮಾನ ಬಂತು. ಜೊತೆಯವರೆಲ್ಲ ಅದನ್ನು ಒಬ್ಬೊಬ್ಬರೇ ಹಾರಿಸಲು ಒಪ್ಪಿಗೆ ಪಡೆದರು. ಇವನೊಬ್ಬನೇ ಉಳಿದ. ಕೂತರೂ ನಿಂತರೂ ಅವನಿಗೆ ಆ ಒಪ್ಪಿಗೆಯದೇ ಧ್ಯಾನ.

ಎರಡೂ ವಿಮಾನಗಳಿಗೆ ಹೆಚ್ಚು ವ್ಯತ್ಯಾಸವಿರಲಿಲ್ಲ. ಎಂಜಿನ್ ಕೈಕೊಟ್ಟರೆ ಒಂದು ಹಿಡಿಯನ್ನು ತಿರುಗಿಸಿ ಇನ್ನೊಂದು ಟ್ಯಾಂಕಿನ ಇಂಧನ ಹರಿಸಬೇಕು. ಹಳೆಯದರಲ್ಲಿ ಆ ಹಿಡಿ ಎರಡು ಸೀಟುಗಳ ನಡುವೆ ನೆಲದ ಮೇಲಿತ್ತು. ಹೊಸದರಲ್ಲಿ ಎಡಗಡೆ, ಮೊಣಕಾಲ ಪಕ್ಕದಲ್ಲಿತ್ತು.

ಆ ವಿದ್ಯೆಯಲ್ಲಿ ಒಂದು ಪದ್ಧತಿ ಉಂಟು. ನೆಲದ ಮೇಲೆ ನಿಂತ ವಿಮಾನದಲ್ಲಿ ಕಲಿಯುವವನನ್ನು ಕೂರಿಸಿ ಕಣ್ಣಿಗೆ ಬಟ್ಟೆ ಕಟ್ಟುತ್ತಾರೆ. ಹೆಸರು ಹೇಳಿದ್ದನ್ನು ಅವನು ಕೈಯಿಂದ ಮುಟ್ಟಿ ತೋರಿಸಬೇಕು. ಕಲಿಸುವಾಕೆ ಆ ಕೆಲಸದಲ್ಲೇ ಕೂದಲು ನರೆಸಿಕೊಂಡ ಹೆಂಗಸು. ಹೊಸ ವಿಮಾನದಲ್ಲಿ ಅವನನ್ನು ಕೂರಿಸಿ ಆಕೆ ಒಂದೊಂದಾಗಿ ಹೆಸರು ಹೇಳುತ್ತ ಹೋದರು. ಯುವಕ ಒಂದನ್ನೂ ತಪ್ಪದೆ ಮುಟ್ಟಿದ. ಮೊಣಕಾಲ ಪಕ್ಕದ ಹಿಡಿಯನ್ನಂತೂ ಹೆಸರು ಮುಗಿಯುವ ಮೊದಲೇ ಮುಟ್ಟಿದ. ಒಳಗೊಳಗೇ ಬೀಗಿದ ಕೂಡ.

ಇಬ್ಬರೂ ಅದರಲ್ಲೇ ಮೇಲೆ ಹಾರಿದರು. ಹೊಲಗಳ ಮೇಲೆ ಸಾಗುತ್ತಿದ್ದಾಗ ಆಕೆ ಏನೂ ಹೇಳದೆ ಎಂಜಿನ್ನಿನ ವೇಗ ಇಳಿಸಿಬಿಟ್ಟರು. ಸದ್ದು ಒಮ್ಮೆಲೇ ಕುಗ್ಗಿತು. ಯುವಕನ ಕೈ ಸೀಟುಗಳ ನಡುವಿನ ನೆಲಕ್ಕೆ ಹೋಯಿತು. ಅಲ್ಲಿ ಹಿಡಿ ಇರಲಿಲ್ಲ. ವಿಮಾನ ಇಳಿಯುತ್ತಿತ್ತು, ಕೈ ಮಾತ್ರ ಅಲ್ಲೇ ತಡಕಾಡುತ್ತಿತ್ತು. ಆಕೆ ಎಂಜಿನ್ನಿಗೆ ಮತ್ತೆ ವೇಗ ಕೊಟ್ಟು ವಿಮಾನವನ್ನು ಮೇಲೆತ್ತಿದರು.

ಕೆಳಗಿಳಿದ ಮೇಲೆ ಯುವಕ ತಲೆ ತಗ್ಗಿಸಿ ನಿಂತ. ಅವನಿಗೆ ಅಳು ಬರುವಂತಾಗಿತ್ತು.

“ಮೇಡಂ, ಕಣ್ಣು ಕಟ್ಟಿದಾಗ ಎಲ್ಲವನ್ನೂ ಸರಿಯಾಗಿ ಮುಟ್ಟಿದ್ದೆನಲ್ಲ?” ಎಂದ.

“ಮುಟ್ಟಿದ್ದೆಯಪ್ಪ, ಇಲ್ಲ ಅನ್ನುವುದಿಲ್ಲ. ಆಗ ನಾನು ಕೇಳುತ್ತೇನೆಂದು ನಿನಗೆ ಗೊತ್ತಿತ್ತು. ಗೊತ್ತಿಲ್ಲದಾಗ ನಿನ್ನ ಕೈ ಹಳೆಯ ವಿಮಾನಕ್ಕೇ ಹೋಯಿತು. ನಾಳೆ ಬಾ, ಮತ್ತೆ ಹಾರೋಣ” ಎಂದು ಆಕೆ ಅಂದಿನ ಮಟ್ಟಿಗೆ ಒಪ್ಪಿಗೆ ಕೊಡದೆ ಹೊರಟರು.

ಕತೆ ಅಲ್ಲಿಗೆ ನಿಂತಿತು. ಮರುಳಯ್ಯ ತಲೆಯಾಡಿಸಿ, ಆ ಯುವಕ ಇನ್ನೂ ಕೆಲವು ದಿನ ಅಭ್ಯಾಸ ಮಾಡಬೇಕಿತ್ತು ಎಂದ. ತನ್ನ ಪ್ರಶ್ನೆಗೆ ಉತ್ತರ ಯಾವಾಗ ಬರುತ್ತದೋ ಎಂದು ಗುರುಗಳ ಮುಖವನ್ನೇ ನೋಡುತ್ತ ಕುಳಿತ.

ಗುರುಗಳು ಕೇಳಿದರು: “ಇವತ್ತು ಪಂಕ್ತಿಯಲ್ಲಿ ಬಡಿಸುವ ಮುದುಕ ನಿನ್ನ ಮೇಲೆ ಸಾರು ಚೆಲ್ಲಿದಾಗ, ನಿನ್ನ ಕೈ ಮೊದಲು ಎಲ್ಲಿಗೆ ಎದ್ದಿತು, ಮರುಳಯ್ಯ?”