ಒಣಬಾವಿಯ ಹುಲಿಗೆವ್ವ

ಕೇಳಿರಿ. ಬಹಳ ಬಹಳ ಹಿಂದಿನ ಮಾತು, ನನ್ನ ಅಜ್ಜಿಯ ಅಜ್ಜಿಯೂ ಹುಟ್ಟಿರದ ಕಾಲ. ಹೊಳೆಯಾಚೆ ಒಂದು ಊರಿತ್ತಂತೆ. ಪಾಳೇಗಾರನ ದಂಡು ಬಂದು ಆ ಊರನ್ನು ಸುಟ್ಟು ಹೋಯಿತಂತೆ. ಉಳಿದದ್ದು ಮೂವತ್ತು ಮನೆಯ ಜನ. ಅವರನ್ನು ಮುಂದೆ ನಿಂತು ನಡೆಸಿದವಳು ಬಾವಿ ತೋಡುವ ಹುಲಿಗೆವ್ವ. ನೆಲಕ್ಕೆ ಕಿವಿಯಿಟ್ಟರೆ ಸಾಕು, ಒಳಗೆ ನೀರು ಹರಿಯುವ ಸದ್ದು ಅವಳಿಗೆ ಕೇಳುತ್ತಿತ್ತಂತೆ.

ಹೋದ ಹೋದ ಊರಲ್ಲಿ ಅವಳು ಬಾವಿ ತೋಡಿದಳು. ನೀರು ಬರುವತನಕ ಊರವರು ಇರಿ ಅನ್ನುವರು, ಬಂದ ಮೇಲೆ ಹೊರಡಿ ಅನ್ನುವರು. ಹೀಗೆ ಏಳು ಊರು, ಏಳು ಬಾವಿ. ಏಳರ ನೀರೂ ಎಳನೀರಿನಷ್ಟು ಸಿಹಿಯಂತೆ.

ಎಂಟನೆಯ ಊರಿನ ವಿರುಪನಗೌಡ ಒಂದು ಕಲ್ಲುದಿಣ್ಣೆ ತೋರಿಸಿದ. ಯುಗಾದಿಯೊಳಗೆ ಇಲ್ಲಿ ನೀರು ತೆಗೆದರೆ ದಿಣ್ಣೆ ನಿಮ್ಮದು, ಇಲ್ಲದಿದ್ದರೆ ನಿಮ್ಮ ದಾರಿ ನಿಮಗೆ ಅಂದನಂತೆ. ಹುಲಿಗೆವ್ವ ಕಿವಿಯಿಟ್ಟಳು. ಏನೂ ಕೇಳಲಿಲ್ಲ. ಆದರೆ ಸೊಸೆ ತುಂಬಿದ ಬಸುರಿ, ಮುದುಕರ ಅಂಗಾಲು ಒಡೆದು ಹೋಗಿದ್ದವು. ಇನ್ನೆಲ್ಲಿಗೆ ಹೋಗುವುದು ಎಂದು ಹಾರೆ ಹಿಡಿದೇಬಿಟ್ಟಳು. ಹತ್ತಾಳುದ್ದ ಇಳಿದರು, ಇಪ್ಪತ್ತಾಳುದ್ದ ಇಳಿದರು. ಬರೀ ಕರಿಗಲ್ಲು.

ಯುಗಾದಿಗೆ ಮೂರೇ ದಿನ ಉಳಿದಾಗ ಅವಳ ಅಣ್ಣ ಭರಮಪ್ಪ ಒಂದು ಉಪಾಯ ಹೇಳಿದ.

"ಕೆರಿ ನೀರು ತಂದು ಒಳಗ ಸುರಿಯೂಣು, ತಂಗಿ. ಗೌಡ ಮ್ಯಾಲಿಂದ ಬಗ್ಗಿ ನೋಡ್ತಾನ. ಹೊಳದ್ರ ಸಾಕು."

ಎಲ್ಲರೂ ಹೂಂ ಅಂದರು. ಹುಲಿಗೆವ್ವ ಸೊಸೆಯ ಮುಖ ನೋಡಿದಳು. ಹೂಂ ಅನ್ನಲು ಅವಳಿಗೂ ಮನಸ್ಸಾಗಿತ್ತಂತೆ.

"ಸುಳ್ಳು ಹೇಳಿ ನಿಂತ್ರ, ಹುಟ್ಟೂ ಕೂಸಿಗೆ ಇದು ನಿನ್ನ ಊರು ಅಂತ ಯಾವ ಬಾಯಿಲೆ ಹೇಳ್ಲಿ?" ಅಂದು ಎದ್ದು, ಒಬ್ಬಳೇ ಗೌಡನ ಮನೆಗೆ ನಡೆದಳು.

"ನೀರಿಲ್ಲ, ಗೌಡ್ರ. ನಾವು ಹೊಂಟ್ವಿ. ಆದ್ರ ಹಬ್ಬ ಆಗಿ ಇನ್ನೆರಡು ದಿನ ಹೆಚ್ಚಿಗಿ ಕೊಡ್ರಿ."

"ಹೊರಡೂರಿಗೆ ಎರಡು ದಿನ ಯಾಕವ್ವ?"

"ಬಾಯಿ ತೆರದ ಕುಣಿ ಅದು. ನಿಮ್ಮೂರ ದನ ಕರ ಬಿದ್ದಾವು. ಸುತ್ತ ಕಲ್ಲಿನ ಕಟ್ಟಿ ಕಟ್ಟಿ ಹೋಗ್ತೀವಿ."

ಗೌಡನಿಗೆ ಅವಳ ಮುಖ ನೋಡಲು ಆಗಲಿಲ್ಲವಂತೆ.

"ಅಲ್ಲಿ ನೀರಿಲ್ಲಂತ ನನಗ ಮೊದಲ ಗೊತ್ತಿತ್ತವ್ವ" ಅಂದ. "ನಿಮ್ಮನ್ನ ಸಾಗಹಾಕಾಕ ಆಡಿದ ಮಾತದು. ಕಟ್ಟಿ ಕಟ್ರಿ. ಕಟ್ಟಿ, ಇಲ್ಲೇ ಇರ್ರಿ. ನೀರಿಗೆ ನಮ್ಮ ಕೆರಿ ಐತಿ."

ಹುಲಿಗೆವ್ವ ಕೈಮುಗಿದಳು, ಅಳಲಿಲ್ಲ. ದಿಣ್ಣೆ ಹತ್ತಿ ಬಂದು ತನ್ನ ಜನಕ್ಕೆ ಒಂದೇ ಮಾತು ಹೇಳಿದಳಂತೆ: "ಗಂಟು ಬಿಚ್ರಿ."

ಅದೇ ನಮ್ಮೂರು. ಒಣಬಾವಿ ಅಂತಲೇ ಹೆಸರು. ನೀರಿಲ್ಲದ ಬಾವಿಗೆ ಅರಿಶಿನ ಕುಂಕುಮ ಏರಿಸುವವರು ನೀವೊಬ್ಬರೇ ಎಂದು ಬೀಗರು ನಗುತ್ತಾರೆ. ನಗಲಿ. ಸುತ್ತಲಿನ ಯಾವ ಊರಲ್ಲಿ ವ್ಯಾಜ್ಯ ಹುಟ್ಟಿದರೂ ಇವತ್ತಿಗೂ ಎರಡೂ ಕಡೆಯವರು ಇಲ್ಲಿಗೇ ಬರುತ್ತಾರೆ, ಹುಲಿಗೆವ್ವ ಕಟ್ಟಿದ ಬಾವಿಕಟ್ಟೆಯ ಕಲ್ಲಿನ ಮೇಲೆ ಅಂಗೈ ಊರಿ ಮಾತಾಡುತ್ತಾರೆ. ಊರಿದ ಮೇಲೆ ಮಾತು ತಪ್ಪಿದವರನ್ನು ಈವರೆಗೆ ಯಾರೂ ಕಂಡಿಲ್ಲ.