ಹನ್ನೊಂದನೆಯ ಉಪಯೋಗ

ಹೊಳೆದಂಡೆಯ ಆಶ್ರಮದಲ್ಲಿ ಷಡಕ್ಷರಿ ಎಂಬ ಶಿಷ್ಯನಿದ್ದ. ಗುರುಗಳ ಬಳಿ ಬಂದು ಮೂರು ವರ್ಷವಾಗಿತ್ತು. ಧ್ಯಾನಕ್ಕೆ ಕೂತರೆ ತೂಕಡಿಸುತ್ತಿದ್ದ. ಕೆಲಸಕ್ಕೆ ನಿಂತರೆ ಮಾತ್ರ ಹಸಿವೂ ನೆನಪಾಗುತ್ತಿರಲಿಲ್ಲ.

ಒಮ್ಮೆ ಪೂಜೆಯ ಬೆಳ್ಳಿ ತಂಬಿಗೆ ಕಪ್ಪಾಗಿದ್ದು ಕಂಡು, ಹಲ್ಲುಜ್ಜುವ ಟೂತ್‌ಪೇಸ್ಟನ್ನೇ ಹಚ್ಚಿ ತಿಕ್ಕಿದ. ತಂಬಿಗೆ ಫಳಫಳ ಹೊಳೆಯಿತು. ನೋಡಿದವರೆಲ್ಲ ಹೊಗಳಿದರು.

ಅಲ್ಲಿಂದ ಶುರುವಾಯಿತು. ಮೊಳೆ ಕಿತ್ತ ಗೋಡೆಯ ತೂತಿಗೆ ಪೇಸ್ಟು. ಕೊಳಾಯಿಯ ಉಪ್ಪುಕಲೆಗೆ ಪೇಸ್ಟು. ಬೆಳ್ಳುಳ್ಳಿ ಸುಲಿದ ಕೈಯ ವಾಸನೆಗೆ, ಟೀ ಲೋಟದ ಕರೆಗೆ, ಗಡಿಯಾರದ ಗಾಜಿನ ಗೀರಿಗೆ, ಬಿಳಿ ಚಪ್ಪಲಿಯ ಕೊಳೆಗೆ.

ಸೋಮವಾರದ ದಾಸೋಹಕ್ಕೆ ಬರುವ ಹೆಂಗಸರು, "ಷಡಕ್ಷರಪ್ಪೋರೆ, ಈ ವಾರ ಏನು ಹೊಸದು?" ಎಂದು ಕೇಳತೊಡಗಿದರು.

ಅವನು ಊಟದ ಮನೆಯ ಕರಿಹಲಗೆಯ ಮೇಲೆ ಎಲ್ಲವನ್ನೂ ಒಂದರ ಕೆಳಗೊಂದು ಬರೆದ. ಹನ್ನೊಂದಾಯಿತು. ಕೆಲವರು ಚೀಟಿಯಲ್ಲಿ ಬರೆದುಕೊಂಡು ಹೋದರು.

ಒಂದು ಬೆಳಿಗ್ಗೆ ಗುರುಗಳು ಹಲಗೆಯ ಮುಂದೆ ನಿಂತು ಓದಿದರು.

"ಇದರಲ್ಲಿ ನೀನೇ ಮಾಡಿ ನೋಡಿದ್ದು ಎಷ್ಟು?"

"ಹತ್ತು, ಬುದ್ಧಿ."

"ಹನ್ನೊಂದನೇದು?"

"ಸುಟ್ಟಗಾಯಕ್ಕೆ. ಎಲ್ಲರೂ ಹೇಳ್ತಾರೆ."

ಗುರುಗಳು ಮತ್ತೇನೂ ಕೇಳದೆ ಹೊಳೆಯ ಕಡೆ ನಡೆದರು. ಒಪ್ಪಿದರು ಅಂದುಕೊಂಡ ಷಡಕ್ಷರಿ.

ಆಶ್ರಮದ ಅಡುಗೆ ಹಾಲಮ್ಮನದು. ಅರವತ್ತು ದಾಟಿದ ಹೆಂಗಸು, ನೂರು ಜನಕ್ಕೆ ಒಬ್ಬಳೇ ಅನ್ನ ಬೇಯಿಸುವವಳು. ಒಂದು ಶನಿವಾರ ಗಂಜಿ ಬಸಿಯುವಾಗ ಹಿಡಿದ ಬಟ್ಟೆ ಜಾರಿತು. ಕುದಿಯುವ ಗಂಜಿ ಅವಳ ಬಲಗೈ ಮೇಲೆ ಸುರಿಯಿತು, ಮೊಣಕೈಯಿಂದ ಬೆರಳಿನ ತನಕ.

ಅವಳು ಕೂಗಲಿಲ್ಲ. ಹಲ್ಲು ಕಚ್ಚಿಕೊಂಡು ಕೊಳಾಯಿಯ ಕಡೆ ಓಡಿದಳು.

ಷಡಕ್ಷರಿ ಅಡ್ಡ ಬಂದು ಅವಳ ಭುಜ ಹಿಡಿದ. "ನೀರು ಬೇಡವ್ವ, ಗುಳ್ಳೆ ಬರುತ್ತೆ. ಕೂತ್ಕೊ."

ಹೊಸ ಟ್ಯೂಬು ತಂದ. ಪೂರ್ತಿ ಹಿಂಡಿ, ಕೈತುಂಬ ಬಳಿದ.

"ಹೇಗಿದೆ ಅವ್ವ?"

"ತಣ್ಣಗದೆ ಕಣಪ್ಪ."

ಸುತ್ತ ನಿಂತವರು ತಲೆದೂಗಿದರು. ಷಡಕ್ಷರಿ ಖಾಲಿ ಟ್ಯೂಬನ್ನು ಮಡಿಸಿ ಜೇಬಿಗಿಟ್ಟುಕೊಂಡ.

ಮಧ್ಯಾಹ್ನ ಬಡಿಸುವಾಗ ಹಾಲಮ್ಮ ಎಡಗೈಯಲ್ಲಿ ಸೌಟು ಹಿಡಿದಿದ್ದಳು. ಬಲಗೈ ಸೆರಗಿನೊಳಗಿತ್ತು. ಗುರುಗಳ ಎಲೆಗೆ ಬಡಿಸುವಾಗ ಸಾರು ನೆಲಕ್ಕೆ ಚೆಲ್ಲಿತು.

"ಕೈ ತೋರಿಸು ತಾಯಿ," ಎಂದರು ಗುರುಗಳು.

"ಏನಿಲ್ಲ ಬುದ್ಧಿ."

"ತೋರಿಸು."

ಸೆರಗು ಸರಿಯಿತು. ಪೇಸ್ಟು ಒಣಗಿ ಸುಣ್ಣದಂತೆ ಬಿರಿದಿತ್ತು. ಬಿರುಕಿನಿಂದ ನೀರು ಜಿನುಗುತ್ತಿತ್ತು. ಬೆರಳುಗಳು ಊದಿಕೊಂಡಿದ್ದವು.

ಗುರುಗಳು ಊಟ ಬಿಟ್ಟು ಎದ್ದರು. ಯಾರನ್ನೂ ಬೈಯಲಿಲ್ಲ. "ಷಡಕ್ಷರಿ, ದೋಣಿ ತಗೊಂಡು ಆಚೆ ದಡದ ಆಸ್ಪತ್ರೆಗೆ ಕರಕೊಂಡು ಹೋಗು. ಈಗಲೇ."

ಹೊಳೆ ದಾಟುವ ತನಕ ಅವನು ಹುಟ್ಟು ಹಾಕುತ್ತಲೇ ಇದ್ದ, ಹಾಲಮ್ಮನ ಮುಖ ನೋಡಲಿಲ್ಲ. ಪ್ರತಿ ಸಲ ದೋಣಿ ಕುಲುಕಿದಾಗಲೂ ಅವಳು ಉಸಿರು ಒಳಗೆಳೆದುಕೊಳ್ಳುವುದು ಕೇಳುತ್ತಿತ್ತು.

ಆಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಉಪ್ಪುನೀರಲ್ಲಿ ಅದ್ದಿದ ಬಟ್ಟೆಯಿಂದ ಪೇಸ್ಟನ್ನು ಚೂರುಚೂರೇ ತೆಗೆದಳು. ಪೇಸ್ಟಿನ ಜೊತೆ ಚರ್ಮವೂ ಬಂತು. ಹಾಲಮ್ಮ ಎಡಗೈಯಿಂದ ಮೇಜಿನ ಅಂಚು ಹಿಡಿದುಕೊಂಡಳು. ಕಣ್ಣಿನಿಂದ ನೀರು ತಾನಾಗಿಯೇ ಇಳಿಯುತ್ತಿತ್ತು.

ಡಾಕ್ಟರು ತಲೆ ಎತ್ತದೆ ಕೇಳಿದಳು. "ಇದನ್ನ ಹಚ್ಚಿದ್ದು ಯಾರು?"

ಷಡಕ್ಷರಿ ಜೇಬಿನ ಖಾಲಿ ಟ್ಯೂಬನ್ನು ಮುಷ್ಟಿಯಲ್ಲಿ ಒತ್ತಿ ಹಿಡಿದ. ಹೇಳಬೇಕೆಂದು ಬಾಯಿ ತೆರೆದ, ಮತ್ತೆ ಮುಚ್ಚಿಕೊಂಡ.

"ನಾನೇ ಕಣವ್ವ," ಎಂದಳು ಹಾಲಮ್ಮ.

"ಇಷ್ಟು ವಯಸ್ಸಾಗಿದೆ, ಅಷ್ಟೂ ತಿಳಿಯಲ್ವಾ? ತಕ್ಷಣ ಇಪ್ಪತ್ತು ನಿಮಿಷ ತಣ್ಣೀರಿನ ಕೆಳಗೆ ಹಿಡಿದಿದ್ರೆ ಅರ್ಧಕ್ಕರ್ಧ ಕಮ್ಮಿ ಆಗ್ತಿತ್ತು. ಪೇಸ್ಟು ಬಿಸೀನ ಒಳಗೇ ಕೂಡಿಹಾಕುತ್ತೆ, ಗಾಯ ಕೆಡಿಸುತ್ತೆ."

"ತಪ್ಪಾಯ್ತು ಕಣವ್ವ."

ಷಡಕ್ಷರಿ ಗೋಡೆ ನೋಡುತ್ತ ನಿಂತಿದ್ದ.

ಹಿಂದಿರುಗುವಾಗ ಹೊಳೆಯ ನಡುವೆ ಅವನು ಹುಟ್ಟು ನಿಲ್ಲಿಸಿದ. "ಯಾಕೆ ಹಾಗಂದೆ ಅವ್ವ?"

ಹಾಲಮ್ಮ ಬ್ಯಾಂಡೇಜಿನ ಕೈಯನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು. "ನಿನ್ನ ಮಾತು ನಾಲ್ಕು ಜನ ಕೇಳ್ತಾರೆ. ನಾನು ಅಡುಗೆಯವಳು. ನಂಗೇನಾಗಬೇಕು? ದೋಣಿ ನಡೆಸಪ್ಪ, ನೋಯ್ತದೆ."

ದಡದಲ್ಲಿ ಗುರುಗಳು ನಿಂತಿದ್ದರು.

"ಡಾಕ್ಟ್ರು ಏನಂದ್ರು?"

"ಮೂರು ವಾರ ಬೇಕಂತೆ, ಬುದ್ಧಿ. ಎರಡು ಬೆರಳು ಮಡಿಸೋಕೆ ಕಷ್ಟ ಆಗಬಹುದಂತೆ."

"ಮತ್ತೇನು ಕೇಳಿದ್ರು?"

ಷಡಕ್ಷರಿ ಕಾಲಡಿಯ ಮರಳು ನೋಡಿದ. "ಅಷ್ಟೇ, ಬುದ್ಧಿ."

ಗುರುಗಳು ಅವನನ್ನು ನೋಡಿದರು. ಹಾಲಮ್ಮನನ್ನು ನೋಡಿದರು. "ಇಬ್ಬರೂ ಊಟ ಮಾಡಿ," ಎಂದು ಒಳಗೆ ಹೋದರು.

ಸಂಜೆ ಊಟದ ಮನೆಯಲ್ಲಿ ಯಾರೂ ಇಲ್ಲದ್ದು ನೋಡಿ ಷಡಕ್ಷರಿ ಹಲಗೆಯ ಕೊನೆಯ ಸಾಲನ್ನು ಒದ್ದೆ ಬಟ್ಟೆಯಿಂದ ಒರೆಸಿದ. ಎರಡೆರಡು ಸಲ ಒರೆಸಿದ.

ಭಾನುವಾರವೆಲ್ಲ ಆಶ್ರಮದಲ್ಲಿ ಹಾಲಮ್ಮನದೇ ಮಾತು. ಕೇಳಿದವರಿಗೂ ಅವಳು ನಾನೇ ಹಚ್ಚಿಕೊಂಡೆ ಎಂದಿದ್ದಳು. "ಪಾಪ, ತಾನೇ ಹಚ್ಚಿಕೊಂಡಳಂತೆ." "ತಿಳಿವಳಿಕೆ ಇಲ್ಲದೋರು." ಕಣ್ಣಾರೆ ಕಂಡಿದ್ದವರು ಬಾಯಿ ಬಿಡಲಿಲ್ಲ, ಅವನ ಮುಖ ನೋಡಿ ಸುಮ್ಮನಾದರು. ಅನ್ನ ಕಲಸಿದ ಷಡಕ್ಷರಿಗೆ ತುತ್ತು ಒಳಗಿಳಿಯಲಿಲ್ಲ. ಎದುರು ಸಾಲಿನಲ್ಲಿ ಹಾಲಮ್ಮ ಎಡಗೈಯಲ್ಲಿ ಕಷ್ಟಪಟ್ಟು ಉಣ್ಣುತ್ತಿದ್ದಳು.

ಸೋಮವಾರ ಬಂತು. ದಾಸೋಹಕ್ಕೆ ಜನ ಸೇರಿದರು. ಒಳಗೆ ಬಂದ ಷಡಕ್ಷರಿ ಬಾಗಿಲಲ್ಲೇ ನಿಂತುಬಿಟ್ಟ.

ಒರೆಸಿದ ಸಾಲು ಹಲಗೆಯ ಮೇಲೆ ಮತ್ತೆ ಇತ್ತು. 'ಹನ್ನೊಂದು: ಸುಟ್ಟಗಾಯಕ್ಕೆ.' ಅಕ್ಷರ ಗುರುಗಳದು. ಸೀಮೆಸುಣ್ಣ ಇನ್ನೂ ಅವರ ಕೈಯಲ್ಲೇ ಇತ್ತು. ಹಲಗೆಯ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತಿದ್ದರು.

ಅವನು ಹತ್ತಿರ ಹೋಗಿ ಬಗ್ಗಿ ಪಿಸುಗುಟ್ಟಿದ. "ಬುದ್ಧಿ, ಅದು ತಪ್ಪು."

"ಹೌದಾ? ಹೋದ ವಾರ ಸರಿಯಿತ್ತಲ್ಲ."

"ಯಾರಾದ್ರೂ ಓದಿ ಹಚ್ಚಿಕೊಂಡ್ರೆ?"

"ಓದಿಕೊಂಡು ಹೋದವರು ಎಷ್ಟು ಜನ?"

ಷಡಕ್ಷರಿ ತುಂಬಿದ ಸಾಲುಗಳ ಕಡೆ ತಿರುಗಿ ನೋಡಿದ.

"ಹಲಗೆ ಒರೆಸಿದೆಯಲ್ಲ," ಎಂದರು ಗುರುಗಳು. "ಅವರಿಗೆ ಹೇಗೆ ಗೊತ್ತಾಗಬೇಕು?"

ಮುಂದಿನ ಸಾಲಿನ ಹೆಂಗಸೊಬ್ಬಳು ಹಲಗೆ ನೋಡುತ್ತ ಚೀಟಿ ಬಿಚ್ಚಿದಳು. ಪೆನ್ನಿಗಾಗಿ ಚೀಲ ತಡಕಾಡಿದಳು. ಷಡಕ್ಷರಿ ಗುರುಗಳ ಮುಖ ನೋಡಿದ. ಅವರು ಒರೆಸುವ ಲಕ್ಷಣ ಕಾಣಲಿಲ್ಲ. ಹೆಂಗಸಿಗೆ ಪೆನ್ನು ಸಿಕ್ಕಿತು.

"ಬರೀಬೇಡಿ ತಾಯಿ," ಎಂದ ಷಡಕ್ಷರಿ.

ಎಲ್ಲರೂ ತಿರುಗಿ ನೋಡಿದರು.

"ಅದು ಸುಳ್ಳು. ನಾನು ಮಾಡಿ ನೋಡಿರಲಿಲ್ಲ, ಆದ್ರೂ ಬರೆದೆ. ಹಾಲಮ್ಮನ ಕೈಗೆ ಪೇಸ್ಟು ಹಚ್ಚಿದ್ದು ನಾನು. ಅವರು ನೀರಿಗೆ ಓಡಿದ್ರು, ತಡೆದವನೂ ನಾನೇ. ಆಸ್ಪತ್ರೇಲಿ ಕೇಳಿದಾಗ ಬಾಯಿ ಮುಚ್ಚಿಕೊಂಡು ನಿಂತೆ. ಅವರು ನನ್ನ ತಪ್ಪನ್ನ ತಮ್ಮ ಮೇಲೆ ಹಾಕಿಕೊಂಡ್ರು."

ಅಡುಗೆಮನೆಯ ಬಾಗಿಲಲ್ಲಿ ಹಾಲಮ್ಮ ನಿಂತಿದ್ದಳು. ತಿರುಗಿ ಒಳಗೆ ಹೋದಳು.

ಆಗ ಹಿಂದಿನ ಸಾಲಿನಲ್ಲಿ ಒಬ್ಬ ಮುದುಕ ಎದ್ದ. ಆಚೆ ದಡದ ನಂಜುಂಡೇಗೌಡ.

"ಸ್ವಾಮಿ, ನನ್ನ ಮೊಮ್ಮಗಳು ನೆನ್ನೆ ಕಾಲ ಮೇಲೆ ಬಿಸಿನೀರು ಚೆಲ್ಲಿಕೊಂಡ್ಳು. ಇಲ್ಲಿ ಓದಿದ್ದು ನೆನಪಿತ್ತು. ಪೇಸ್ಟು ಹಚ್ಚಿ ಬಟ್ಟೆ ಕಟ್ಟಿದೀವಿ. ರಾತ್ರಿಯೆಲ್ಲ ಮಗು ಅಳ್ತಾನೇ ಇತ್ತು."

ಷಡಕ್ಷರಿ ಗುರುಗಳ ಕಡೆ ನೋಡಲೂ ಇಲ್ಲ. ಮುದುಕನ ಕೈ ಹಿಡಿದು, ಚಪ್ಪಲಿ ಮರೆತು, ದೋಣಿಗೆ ಇಳಿದ.

ಮುದುಕನ ಮನೆಯ ಪಡಸಾಲೆಯಲ್ಲಿ ಮಗು ಜ್ವರದಲ್ಲಿ ಮಲಗಿತ್ತು. ಅವನು ಎತ್ತಿಕೊಂಡು ನಡೆದ. ಅದರ ಬಿಸಿ ಉಸಿರು ಕತ್ತಿಗೆ ತಾಗುತ್ತಿತ್ತು. ದಾರಿಯುದ್ದಕ್ಕೂ ಅದರ ತಾಯಿ ಅವನ ಹಿಂದೆ ಒಂದು ಮಾತೂ ಆಡದೆ ಬಂದಳು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಅದೇ ಡಾಕ್ಟರು. ಬಟ್ಟೆ ಬಿಚ್ಚಿ ನೋಡಿ ಅವಳ ಹುಬ್ಬು ಗಂಟಿಕ್ಕಿತು. ಅವಳು ಬಾಯಿ ತೆರೆಯುವ ಮೊದಲೇ ಷಡಕ್ಷರಿ ಹೇಳಿದ.

"ಇದಕ್ಕೆ ಕಾರಣ ನಾನು. ಮೊನ್ನೆಯ ಅಜ್ಜಿಯ ಕೈಗೂ ನಾನೇ."

ಡಾಕ್ಟರು ಅವನನ್ನು ಒಂದು ಗಳಿಗೆ ನೋಡಿದಳು. "ಮಗು ಕಾಲು ಅಲ್ಲಾಡದ ಹಾಗೆ ಹಿಡಕೊಳ್ಳಿ," ಎಂದಳು.

ಅವನು ಹಿಡಿದುಕೊಂಡ. ಮಗು ಕಿರುಚಿತು, ಅವನ ಕೈ ಪರಚಿತು. ಅವನು ಕಣ್ಣು ಮುಚ್ಚಲಿಲ್ಲ.

ಗಾಯ ಆಳಕ್ಕೆ ಇಳಿದಿರಲಿಲ್ಲ. ಹತ್ತು ದಿನದಲ್ಲಿ ಮಾಯುತ್ತದೆ, ಜ್ವರ ನಾಳೆಗೆ ಇಳಿಯುತ್ತದೆ ಎಂದಳು ಡಾಕ್ಟರು. ತಾಯಿ ಮೊದಲ ಸಲ ಅವನ ಮುಖ ನೋಡಿದಳು. ನೋಡಿ, ಮಗುವನ್ನು ಅವನ ಕೈಯಿಂದ ತೆಗೆದುಕೊಂಡಳು.

ಅವನು ಆಶ್ರಮಕ್ಕೆ ಮರಳಿದಾಗ ಇಳಿಬಿಸಿಲು. ಗುರುಗಳು ಹೊಳೆಯ ಮೆಟ್ಟಿಲ ಮೇಲೆ ಕೂತು ಪಂಚೆ ಒಗೆಯುತ್ತಿದ್ದರು. ಅವನು ಎರಡು ಮೆಟ್ಟಿಲು ಕೆಳಗೆ ಕೂತ.

"ಮಗು ಹೇಗಿದೆ?"

"ಮಾಯುತ್ತಂತೆ, ಬುದ್ಧಿ."

ಗುರುಗಳು ಪಂಚೆ ಹಿಂಡಿದರು.

"ಬುದ್ಧಿ, ಇವತ್ತು ಬರದೇ ಇದ್ದವರು ಬಹಳ ಜನ. ಚೀಟಿ ಯಾರ್‍ಯಾರ ಮನೇಲಿದೆಯೋ. ಅವರು ಇನ್ಯಾರಿಗೆ ಹೇಳಿದಾರೋ. ಎಷ್ಟು ಮನೆ ಅಂತ ನಂಗೇ ಗೊತ್ತಿಲ್ಲ."

ಅವನು ಗುರುಗಳ ಕಡೆ ತಿರುಗಿದ. "ಇದು ಯಾವಾಗ ಮುಗಿಯುತ್ತೆ?"

ಗುರುಗಳು ಆಚೆ ದಡದ ಮನೆಗಳನ್ನು ನೋಡಿದರು.

"ಹೊತ್ತು ಇನ್ನೂ ಇದೆ," ಎಂದರು. "ನೀರು ಕುಡಿದು ಹೋಗು."